ಬಚ್ಚಲುಮನೆಯ ಗೀಸರೂ ಮೂರನೆಯ ತಂತಿಯೂ

ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಸಿ ನೀರು ಕಾಯಿಸುವ ಬಚ್ಚಲುಗಳು ನಮ್ಮ ನಾಡಿನಲ್ಲಿ ವಿರಳವಾಗುತ್ತಿವೆ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿದೀಪಗಳಿಗೂ ಹರಿದಾಗ, ಅದೇ ಶಕ್ತಿ ಮುಂದೊಂದು ದಿನ ಮನೆಮನೆಯ ಸ್ನಾನದ ನೀರನ್ನು ಕಾಯಿಸೀತೆಂದು ಎಣಿಸಿದವರು ಕೆಲವರೇ ಇದ್ದಿರಬೇಕು. ಒಲೆಯ ಬೆಂಕಿಗೆ ಒಂದು ಸದ್ಗುಣವುಂಟು: ಅದು ಕಣ್ಣಿಗೆ ಕಾಣುತ್ತದೆ, ಹತ್ತಿರ ಬಂದವರಿಗೆ ತನ್ನ ಬಿಸಿಯನ್ನು ಮೊದಲೇ ತಿಳಿಸುತ್ತದೆ. ವಿದ್ಯುತ್ತಿಗೆ ಆ ಸೌಜನ್ಯವಿಲ್ಲ. ಆದುದರಿಂದ ಗೀಸರನ್ನು ಕೊಳ್ಳುವವರು ಅದರ ಬೆಲೆ, ಗಾತ್ರಗಳನ್ನು ವಿಚಾರಿಸುವಷ್ಟೇ ಆಸ್ಥೆಯಿಂದ ಅದಕ್ಕೆ ಬರುವ ತಂತಿಗಳನ್ನೂ ವಿಚಾರಿಸಬೇಕು.

ಮೊದಲು ಒಂದು ಸಣ್ಣ ಲೆಕ್ಕ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟು. 2000 ವಾಟಿನ ಗೀಸರು ಎಳೆಯುವ ಪ್ರವಾಹವನ್ನು ತಿಳಿಯಲು 2000ವನ್ನು 230ರಿಂದ ಭಾಗಿಸಿದರೆ ಸಾಕು, ಸುಮಾರು 8.7 ಆಂಪಿಯರು ಬರುತ್ತದೆ. ದೀಪ, ರೇಡಿಯೋಗಳಿಗೆಂದು ಇಟ್ಟಿರುವ 6 ಆಂಪಿಯರಿನ ಸಣ್ಣ ಸಾಕೆಟ್ಟಿಗೆ ಇದು ಮಿತಿಮೀರಿದ ಹೊರೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಪ್ರವಾಹ ಇಮ್ಮಡಿಯಾದರೆ ಶಾಖ ನಾಲ್ಮಡಿಯಾಗುತ್ತದೆ. ಆದುದರಿಂದಲೇ ಗೀಸರಿಗೆ 16 ಆಂಪಿಯರಿನ ದೊಡ್ಡ ಸಾಕೆಟ್ಟೂ ಹಲಗೆಪೆಟ್ಟಿಗೆಯಿಂದ ನೇರವಾಗಿ ಬರುವ, 2.5 ಚದರ ಮಿಲಿಮೀಟರಿಗೆ ಕಡಿಮೆಯಿಲ್ಲದ ತಾಮ್ರದ ತಂತಿಯೂ ಬೇಕು. ಪ್ಲಗ್ಗಿನ ಸುತ್ತ ಕಂದುಬಣ್ಣದ ಕಲೆ ಕಂಡರೆ ಎಲ್ಲಿಯೋ ಸಂಪರ್ಕ ಸಡಿಲವಾಗಿದೆ ಎಂದೇ ತಿಳಿಯಬೇಕು.

ಇದು ಬೆಂಕಿಯ ಭಯದ ಮಾತಾಯಿತು. ಆಘಾತದ ಭಯ ಬೇರೆಯದು. ಗೀಸರಿನ ಒಳಗೆ ಲೋಹದ ಕೊಳವೆಯೊಂದಿದೆ. ಅದರ ನಡುವೆ ನಿಕ್ರೋಮ್ ತಂತಿಯ ಸುರುಳಿ, ಸುರುಳಿಗೂ ಕೊಳವೆಗೂ ನಡುವೆ ಮೆಗ್ನೀಸಿಯಂ ಆಕ್ಸೈಡಿನ ಬಿಳಿಯ ಪುಡಿ. ಈ ಪುಡಿ ಶಾಖವನ್ನು ಹೊರಗೆ ಬಿಡುತ್ತದೆ, ವಿದ್ಯುತ್ತನ್ನು ಬಿಡುವುದಿಲ್ಲ. ಆದರೆ ನಮ್ಮ ಕೊಳವೆಬಾವಿಗಳ ಗಡಸುನೀರು ಕಾದಂತೆಲ್ಲ ಕೊಳವೆಯ ಮೇಲೆ ಸುಣ್ಣದ ಹೊಕ್ಕಳೆ ಕಟ್ಟುತ್ತದೆ. ಶಾಖ ನೀರಿಗೆ ಹೋಗಲಾರದೆ ಕೊಳವೆ ಅತಿಯಾಗಿ ಕಾದು ಬಿರಿಯುತ್ತದೆ. ತೇವ ಒಳಹೊಕ್ಕ ಪುಡಿ ವಿದ್ಯುತ್ತಿಗೆ ದಾರಿ ಬಿಡುತ್ತದೆ. ಸೋಜಿಗವೆಂದರೆ ಗೀಸರು ಆಗಲೂ ಕೆಲವು ಕಾಲ ಎಂದಿನಂತೆಯೇ ನೀರು ಕಾಯಿಸುತ್ತಿರಬಹುದು!

ಮೂರನೆಯ ತಂತಿಯ ಕೆಲಸ ಇಲ್ಲಿ ಮೊದಲಾಗುತ್ತದೆ. ಪ್ಲಗ್ಗಿನ ಮೂರು ಕಡ್ಡಿಗಳಲ್ಲಿ ಮೇಲಿನದು ಉಳಿದೆರಡಕ್ಕಿಂತ ಉದ್ದವೂ ದಪ್ಪವೂ ಆಗಿರುವುದನ್ನು ವಾಚಕರು ಗಮನಿಸಿರಬಹುದು. ಮೊದಲು ಸೇರಿ ಕೊನೆಯಲ್ಲಿ ಬಿಡಲೆಂದೇ ಅದನ್ನು ಉದ್ದ ಮಾಡಿದ್ದಾರೆ. ಅಲ್ಲಿಂದ ಹೊರಡುವ ಹಸಿರು ತಂತಿ ಯಂತ್ರದ ಲೋಹದ ಮೈಯನ್ನು ಅಂಗಳದಲ್ಲಿ ಹೂತಿರುವ ಕೊಳವೆಗೆ ಕೂಡಿಸುತ್ತದೆ. ಕೊಳವೆಯ ಸುತ್ತ ಇದ್ದಲು, ಉಪ್ಪು ತುಂಬುವುದು ತೇವವನ್ನು ಹಿಡಿದಿಡಲಿಕ್ಕಾಗಿ.

ಆದರೆ ತಂತಿಯನ್ನು ನೆಲಕ್ಕಿಳಿಸಿದ ಮಾತ್ರಕ್ಕೆ ಕ್ಷೇಮವೆಂದು ನಂಬುವುದು ಸರಿಯಲ್ಲ. ಬಯಲುಸೀಮೆಯ ಕಲ್ಲುನೆಲ ಬೇಸಗೆಯಲ್ಲಿ ಒಣಗಿದಾಗ ಆ ಗುಂಡಿಯ ರೋಧ 46 ಓಮಿಗೆ ಏರಿದೆಯೆಂದು ಇಟ್ಟುಕೊಳ್ಳೋಣ. ಸೋರಿದ ವಿದ್ಯುತ್ತು ನೆಲಕ್ಕೆ ಹರಿಯುವುದು ಆಗ 5 ಆಂಪಿಯರು ಮಾತ್ರ. ಗೀಸರಿನ 8.7ನ್ನು ಅದಕ್ಕೆ ಕೂಡಿಸಿದರೂ 13.7. ಪೆಟ್ಟಿಗೆಯಲ್ಲಿರುವ 16 ಆಂಪಿಯರಿನ ಎಂ.ಸಿ.ಬಿ. ಇದನ್ನು ದೋಷವೆಂದೇ ಎಣಿಸದೆ ಸುಮ್ಮನಿರುತ್ತದೆ. ಗೀಸರಿನ ಮೈಯಲ್ಲಿ ಮಾತ್ರ ಹೆಚ್ಚುಕಡಿಮೆ 230 ವೋಲ್ಟೂ ನಿಂತಿರುತ್ತದೆ. ಎಂ.ಸಿ.ಬಿ. ಇರುವುದು ತಂತಿಯ ರಕ್ಷಣೆಗೆ, ಮನುಷ್ಯನ ರಕ್ಷಣೆಗಲ್ಲ.

ಮನುಷ್ಯನ ಮಿತಿಯಾದರೋ ಬಲು ಚಿಕ್ಕದು. ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿದ್ದ ಚಾರ್ಲ್ಸ್ ಡಾಲ್ಜೀಲರು ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ಸರಾಸರಿಯಲ್ಲಿ ಗಂಡಸರು 16, ಹೆಂಗಸರು 10.5 ಮಿಲಿಆಂಪಿಯರಿಗಿಂತ ಹೆಚ್ಚಿನ ಪ್ರವಾಹದಲ್ಲಿ ಹಿಡಿದ ತಂತಿಯನ್ನು ತಾವಾಗಿ ಬಿಡಲಾರರೆಂದು ಕಂಡರು. ಒದ್ದೆಮೈಯ ರೋಧ ಸುಮಾರು 1000 ಓಮಿಗೆ ಇಳಿದೀತು. ಆಗ 230 ವೋಲ್ಟು ಹರಿಸುವುದು 230 ಮಿಲಿಆಂಪಿಯರು. ಹೃದಯದ ಲಯ ಕೆಡಲು ಇದರ ಅರ್ಧವೂ ಬೇಡ.

ಹಿಂದೆ ಭೂಸಂಪರ್ಕಕ್ಕಾಗಿ ಹಸಿರು ತಂತಿಯನ್ನು ನಲ್ಲಿಯ ಕಬ್ಬಿಣದ ಕೊಳವೆಗೆ ಸುತ್ತುವ ರೂಢಿ ಕೆಲವೆಡೆ ಇತ್ತು. ನೆಲದಡಿಯ ಕೊಳವೆ ಈಗ ಪ್ಲಾಸ್ಟಿಕ್ಕಾಗಿರುವಲ್ಲಿ ಆ ತಂತಿ ಎಲ್ಲಿಗೂ ಹೋಗುವುದಿಲ್ಲ. ದೋಷ ತೋರಿದಾಗ ಮನೆಯೊಳಗಿನ ನಲ್ಲಿಗಳಿಗೇ ವಿದ್ಯುತ್ತನ್ನು ಹಂಚುತ್ತದೆ. ಇದಕ್ಕಿಂತ ಕೆಟ್ಟದ್ದು ಸಾಕೆಟ್ಟಿನ ಒಳಗೇ ಭೂತಂತಿಯ ಕಡ್ಡಿಯನ್ನು ನ್ಯೂಟ್ರಲ್ಲಿಗೆ ಗಂಟುಹಾಕುವ ಚಾತುರ್ಯ. ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದ ಗಳಿಗೆಯಲ್ಲಿ, ಯಾವ ದೋಷವೂ ಇಲ್ಲದ ಹೊಸ ಗೀಸರಿನ ಮೈಗೂ ಸುರುಳಿಯ ಮೂಲಕ ಪೂರ್ಣ ಒತ್ತಡ ಬಂದು ಕೂರುತ್ತದೆ. ಇದನ್ನು ಮಾಡುವವರು ಖರ್ಚು ಉಳಿಸುತ್ತೇವೆ ಎನ್ನುತ್ತಾರೆ. ನಾವು ಇದನ್ನು ಅಪರಾಧವೆಂದೇ ಕರೆಯುತ್ತೇವೆ.

ಈ ತೊಡಕಿಗೆ ಒಳ್ಳೆಯ ಪರಿಹಾರ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಡಾಲ್ಜೀಲರು 1961ರಲ್ಲಿ ರೂಪಿಸಿದ ಸಾಧನವೂ ಇದೇ ತತ್ತ್ವದ್ದು. ಫೇಸ್, ನ್ಯೂಟ್ರಲ್ ತಂತಿಗಳೆರಡೂ ಅದರೊಳಗಿನ ಒಂದು ಕಬ್ಬಿಣದ ಬಳೆಯ ಮೂಲಕ ಹಾಯುತ್ತವೆ. ಹೋದಷ್ಟೇ ಪ್ರವಾಹ ಮರಳಿದರೆ ಅವುಗಳ ಅಯಸ್ಕಾಂತ ಪ್ರಭಾವಗಳು ಒಂದನ್ನೊಂದು ಅಳಿಸಿಹಾಕುತ್ತವೆ. ಹಳ್ಳಿಯ ಹಳೆಯ ಶಾನುಭೋಗರಂತೆ ಜಮಾಖರ್ಚನ್ನು ಸದಾ ತಾಳೆನೋಡುತ್ತಿರುವ ಈ ಬಳೆ, 30 ಮಿಲಿಆಂಪಿಯರಿನ ಕೊರತೆ ಕಂಡೊಡನೆ ಕಣ್ಣುಮಿಟುಕಿಸುವುದರೊಳಗೆ ಸಂಪರ್ಕವನ್ನು ಕಡಿಯುತ್ತದೆ. ನಾವು ಮೇಲೆ ಕಂಡ 5 ಆಂಪಿಯರಿನ ಸೋರಿಕೆ ಇದರ ಮಿತಿಯ ನೂರಕ್ಕೂ ಹೆಚ್ಚು ಪಟ್ಟು!

ಈ ಸ್ವಿಚ್ಚಿನ ಮೇಲೆ ಪರೀಕ್ಷೆಗೆಂದು ಸಣ್ಣ ಗುಂಡಿಯೊಂದಿರುತ್ತದೆ. ಅದನ್ನು ಆಗಾಗ ಒತ್ತಿನೋಡಬೇಕು. ಸ್ವಿಚ್ಚು ಬೀಳದಿದ್ದರೆ ಬದಲಾಯಿಸಬೇಕು. ಆದರೆ ಗುಂಡಿ ಪರೀಕ್ಷಿಸುವುದು ಸ್ವಿಚ್ಚನ್ನು ಮಾತ್ರ, ಭೂತಂತಿಯನ್ನಲ್ಲ. ಭೂತಂತಿಯ ರೋಧವನ್ನು ಅಳೆಯಲು ಅನುಭವಿಯಾದ ಎಲೆಕ್ಟ್ರಿಷಿಯನ್ನನು ತನ್ನ ಮೀಟರಿನೊಡನೆ ಮನೆಗೆ ಬರಬೇಕು, ಅದೂ ಮಳೆಗಾಲದಲ್ಲಲ್ಲ, ನೆಲ ಬಿರಿದಿರುವ ಬಿರುಬೇಸಗೆಯಲ್ಲಿ.