ಸಕ್ಕರೆ ಹಾಕದ ಸಿಹಿಗಂಜಿ

"ಒಂದ್ ಚಮಚಾನೂ ಸಕ್ರಿ ಹಾಕಿಲ್ರೀ, ಸಕ್ರಿ ಬ್ಯಾನಿ ಇದ್ದವ್ರೂ ಹೊಟ್ಟಿ ತುಂಬ ಕುಡೀಬಹುದು" ಎಂದು, ಅಕ್ಕಿಯ ಗಂಜಿಗೆ ಮೊಳಕೆ ರಾಗಿಯ ಹಿಟ್ಟನ್ನು ಬೆರೆಸಿ ತಾನಾಗಿ ಸಿಹಿಯೇರಿದ ಪಾನೀಯವನ್ನು ಲೋಟಕ್ಕೆ ಸುರಿಯುತ್ತ ಅಭಯವೀಯುವವರು, ಜೋಳದ ರೊಟ್ಟಿಯನ್ನು ನಂಬಿ ಬದುಕಿ ಅಕ್ಕಿಯನ್ನು ಹಬ್ಬಹುಣ್ಣಿಮೆಗಳಿಗೆ ಮೀಸಲಿರಿಸಿದ್ದ ನಮ್ಮ ಡಂಬಳದ ಸೀಮೆಯಲ್ಲಿಯೂ ಈಗ ಕಾಣಸಿಗುತ್ತಾರೆ. ಹಾಕಲಿಲ್ಲವೆಂಬುದು ನಿಜ, ಹಾಕಲಿಲ್ಲವಾದ್ದರಿಂದ ಅದರೊಳಗೆ ಸಕ್ಕರೆಯೇ ಇಲ್ಲವೆಂಬ ತೀರ್ಮಾನವು ಯಾವ ತರ್ಕಶಾಸ್ತ್ರಕ್ಕೆ ಸೇರಿದುದೋ ತಿಳಿಯದು. ನಾಲಗೆ ಚಪ್ಪರಿಸುವ ಮುನ್ನ ಆ ಸಿಹಿ ಎಲ್ಲಿಂದ ಬಂದಿತೆಂದು ಒಮ್ಮೆಯಾದರೂ ಕೇಳಿಕೊಳ್ಳಬೇಡವೇ?

ಬಂದುದು ಅಕ್ಕಿಯಿಂದಲೇ. ಧಾನ್ಯವು ಮೊಳೆಯುವಾಗ, ಎಳೆಯ ಕುಡಿಗೆ ಉಣಿಸಲೆಂದು, ತಾನು ಕೂಡಿಟ್ಟ ಪಿಷ್ಟವನ್ನು ಕಡಿದು ಸಕ್ಕರೆಯಾಗಿಸುವ ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. 1833ರಲ್ಲಿ ಪೇಯನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನಜ್ಞರು ಮೊಳೆತ ಬಾರ್ಲಿಯಿಂದ ಬೇರ್ಪಡಿಸಿ 'ಡಯಾಸ್ಟೇಸ್' ಎಂದು ಹೆಸರಿಟ್ಟುದು ಇದಕ್ಕೇ. ಬೆಂದ ಗಂಜಿಯು ಬೆರಳದ್ದಿದರೆ ತಾಳಲಾಗದಷ್ಟು, ಅಂದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವಾಗ ಮೊಳಕೆಯ ಹಿಟ್ಟನ್ನು ಕಲಸಿದರೆ, ಸೌಟು ನಿಲ್ಲುವಷ್ಟು ಗಟ್ಟಿಯಾಗಿದ್ದುದು ಕೆಲವೇ ನಿಮಿಷಗಳಲ್ಲಿ ತೆಳ್ಳಗಾಗಿ ಹರಿಯತೊಡಗುತ್ತದೆ. ಪಾತ್ರೆಗೆ ಕಂಬಳಿ ಸುತ್ತಿ ನಾಲ್ಕಾರು ತಾಸು ಬಿಸಿಯಾರದಂತೆ ಇರಿಸಿದರೆ ಸಿಹಿಯೇರುತ್ತದೆ. ಮೊದಲು ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿದ್ದೊಡನೆ ಕಡುನೀಲಿಯಾಗುತ್ತಿದ್ದ ಗಂಜಿಯ ತಿಳಿಯು ಪಿಷ್ಟವೆಲ್ಲ ಕರಗಿದ ಮೇಲೆ ಅಯೋಡಿನ್ನಿನ ಕಂದುಬಣ್ಣವನ್ನೇ ತೋರುವುದನ್ನು ಯಾರಾದರೂ ಮನೆಯಲ್ಲಿ ಬಟ್ಟಲಿಗೆ ಬಸಿದು ನೋಡಬಹುದು. ನೋಡಿದ ಬಟ್ಟಲನ್ನು ಚೆಲ್ಲಬೇಕೆಂದು ಬೇರೆ ಹೇಳಬೇಕಿಲ್ಲ. 100 ಗ್ರಾಂ ಅಕ್ಕಿಯಲ್ಲಿದ್ದ ಸುಮಾರು 78 ಗ್ರಾಂ ಕಾರ್ಬೋಹೈಡ್ರೇಟು ಎಲ್ಲಿಗೂ ಓಡಿಹೋಗಲಿಲ್ಲ, ವೇಷ ಬದಲಿಸಿತು. ಬದಲಿಸಿದ ವೇಷವಾದರೂ ಸೌಮ್ಯವೇ? ರಕ್ತದ ಸಕ್ಕರೆಯನ್ನು ಏರಿಸುವ ಸೂಚ್ಯಂಕದಲ್ಲಿ ಗ್ಲೂಕೋಸಿಗೆ 100 ಎಂದಿಟ್ಟುಕೊಂಡರೆ, ಮೊಳಕೆಯ ಕಿಣ್ವದಿಂದ ಹುಟ್ಟುವ ಮಾಲ್ಟೋಸಿನದು 105ರ ಸುಮಾರಿಗಿದ್ದು, ಈ ಜನರು ವಿಷವೆಂದು ದೂರವಿಟ್ಟ ಬಿಳಿ ಸಕ್ಕರೆಯದು 65ರ ಆಸುಪಾಸಿನಲ್ಲಿದೆ!

ಕೊರಿಯದವರು ಊಟದ ಕೊನೆಗೆ ಸಿಹಿತಿನಿಸಿನ ಸ್ಥಾನದಲ್ಲಿ ಕುಡಿಯುವ ಸಿಖ್ಯೆ ಬಾರ್ಲಿಯ ಮೊಳಕೆಯಿಂದಲೂ, ಜಪಾನೀಯರ ಅಮಜಾಕೆ ಕೋಜಿ ಎಂಬ ಬೂಷ್ಟಿನಿಂದಲೂ ಹೀಗೆಯೇ ಸಿಹಿಗೊಳ್ಳುತ್ತವೆ. ಈ ವಿದ್ಯೆಯಿಂದ ನಿಜವಾಗಿ ಉಪಕಾರವಾಗುವುದು ಹಾಲು ಬಿಡಿಸುವ ಕೂಸುಗಳಿಗೆ. ತೆಳ್ಳಗಾದ ಗಂಜಿಯಲ್ಲಿ ಹೆಚ್ಚು ಧಾನ್ಯವನ್ನು ಉಣಿಸಬಹುದೆಂದೇ ಮೈಸೂರಿನ ಆಹಾರ ಸಂಶೋಧನಾಲಯವಾದ ಸಿಎಫ್‌ಟಿಆರ್‌ಐಯಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಅವರು 1980ರ ದಶಕದಲ್ಲಿ ಮೊಳಕೆ ರಾಗಿ, ಹೆಸರುಕಾಳುಗಳ ಶಿಶು ಆಹಾರವನ್ನು ರೂಪಿಸಿದರು.

ಇನ್ನುಳಿದ ಭ್ರಮೆಗಳಿಗೆ ಒಂದೊಂದು ಮಾತು ಸಾಕು. ರಾತ್ರಿಯಿಡೀ ತಣ್ಣಗಿಟ್ಟರೆ ಸಿಹಿಯಾಗುವುದಿಲ್ಲ, ಅಂಬಲಿಯಂತೆ ಹುಳಿಯಾಗುತ್ತದೆ. ಕುದಿಯುವ ಗಂಜಿಗೆ ಹಿಟ್ಟು ಸುರಿದರೆ ಕಿಣ್ವವು ಬೆಂದು ಕೆಟ್ಟು, ಸಿಹಿಯೂ ಇಲ್ಲ, ತೆಳುವೂ ಇಲ್ಲ. ಬೆಲ್ಲ ಬೆರೆಸಿದರೆ ಸಕ್ಕರೆಯಲ್ಲವೆನ್ನುವವರೊಡನೆ ನಾನು ವಾದಿಸುವುದನ್ನು ಬಿಟ್ಟಿದ್ದೇನೆ.

ಔಷಧಿಯ ಗಿಡಬೇರುಗಳಿಗೆ ಹೆಸರಾದ ಕಪ್ಪತಗುಡ್ಡದ ಮಗ್ಗುಲಲ್ಲಿ ಬದುಕುವ ನಮಗೆ 'ನೈಸರ್ಗಿಕ' ಎಂಬ ನಾಲ್ಕಕ್ಷರ ಕಿವಿಗೆ ಬಿದ್ದರೆ ಸಾಕು, ವಿವೇಚನೆಯೆಲ್ಲ ಕೈಮುಗಿದು ಹಿಂದೆ ಸರಿಯುತ್ತದೆ. ರಾಗಿಯಂತೆ ನಮ್ಮ ಜೋಳವನ್ನೂ ಮೊಳೆಯಿಸಿ ಹಾಗೆಯೇ ಅರೆದು ಬೆರೆಸಬಹುದೆಂದು ಈಗೀಗ ಕೆಲವರು ಬೋಧಿಸುವುದೂ ಇದೇ ಭಕ್ತಿಯಿಂದ; ಎಳೆಯ ಜೋಳವನ್ನು ಮೇಯ್ದ ದನ ಸತ್ತುದನ್ನು ಕಂಡ ರೈತನೇ ಅದಕ್ಕೆ ತಲೆಯಾಡಿಸುವುದಂತೂ ವಿಚಿತ್ರ. ದನವನ್ನು ಕೊಲ್ಲುವ ಸಯನೈಡನ್ನು ಹುಟ್ಟಿಸುವ ಧುರಿನ್ ಎಂಬ ವಸ್ತುವು ಆ ಹಸಿ ಮೊಳಕೆಯ ಕುಡಿಯಲ್ಲಿಯೂ ಇರುತ್ತದೆ. ಆದುದರಿಂದ ಈ ಕೆಲಸಕ್ಕೆ ರಾಗಿಯೇ ಲೇಸು. ಸಿಹಿ ಸಾಕೆನಿಸಿದೊಡನೆ ಒಂದು ಕುದಿ ಬರಿಸಿ, ಸಕ್ಕರೆ ಕಾಯಿಲೆಯಿಲ್ಲದವರು ಅಂದೇ ಕುಡಿದು ಮುಗಿಸಬೇಕು.