ಅಡ್ಡರಸ್ತೆಯ ಮನೆ

ಈ ಮನೆಯ ಮುಂದೆ ನಿಂತವರು ಮೊದಲು ಅದರ ಸುತ್ತ ಬಿಟ್ಟಿರುವ ಜಾಗವನ್ನು ನೋಡಬೇಕು. ಮಲ್ಲೇಶ್ವರದ ಸಂಪಿಗೆ ರಸ್ತೆಯಿಂದ ಒಳಕ್ಕೆ ತಿರುಗಿದ ಅಡ್ಡರಸ್ತೆ. ಕಬ್ಬಿಣದ ಗೇಟು ದಾಟಿದರೆ ಪಾರಿಜಾತ, ದಾಸವಾಳ, ತುಳಸಿಕಟ್ಟೆ. ಗೋಡೆಗೂ ಕಾಂಪೌಂಡಿಗೂ ನಡುವೆ ಇಬ್ಬರು ಜೊತೆಯಾಗಿ ನಡೆಯುವಷ್ಟು ಓಣಿ. ಅದರಲ್ಲಿ ಹಾದು ಹೋದರೆ ಹಿತ್ತಲು: ಎರಡು ತೆಂಗು, ಒಂದು ಸೀಬೆ, ಬೀದಿಯ ಅರ್ಧ ಮನೆಗಳ ಒಗ್ಗರಣೆಗೆ ಸೊಪ್ಪು ಕೊಡುವ ಕರಿಬೇವು, ಒಗೆಯುವ ಕಲ್ಲು, ಚಪ್ಪಡಿ ಮುಚ್ಚಿದ ಬಾವಿ.

ಇಷ್ಟು ಜಾಗ ಬಿಟ್ಟದ್ದಕ್ಕೆ ಕಾರಣ ಭಯ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಗೋಡೆಗೆ ಗೋಡೆ ತಾಗಿಸಿಕೊಂಡ ಪೇಟೆಯ ಮನೆಗಳಲ್ಲಿ ಜನ ಸತ್ತರು, ಉಳಿದವರು ಮನೆ ಬಿಟ್ಟು ಓಡಿದರು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದದ್ದು ಆ ದಿನಗಳಲ್ಲಿ. ನೇರ ರಸ್ತೆ, ಅಗಲದ ನಿವೇಶನ, ನಾಲ್ಕೂ ಕಡೆಯಿಂದ ಗಾಳಿ ಬೆಳಕು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಯನ್ನೂ ಬಿಟ್ಟರು. ಮನೆಯ ಚೆಂದ ಹೇಳುವವರು ಈ ಗಲ್ಲಿಯ ಮಾತು ಎತ್ತದೆ ಮುಂದೆ ಹೋಗಬಾರದು. ಒಳಚರಂಡಿ ಬರುವವರೆಗೆ ಹಿತ್ತಲ ಕಕ್ಕಸಿನ ಮಲವನ್ನು ಹೊತ್ತ ಕೈಗಳು ಈ ದಾರಿಯಲ್ಲೇ ಬಂದುಹೋದವು. ಮುಂಬಾಗಿಲ ರಂಗೋಲಿಯನ್ನು ನೋಡಲು ಆ ಜನರನ್ನು ಯಾರೂ ಬಿಟ್ಟದ್ದಿಲ್ಲ. ಬಡಾವಣೆಯ ಆರೋಗ್ಯ ನಿಂತಿದ್ದು ಮಾತ್ರ ಅವರ ದುಡಿಮೆಯ ಮೇಲೆ.

ಮನೆಯೊಳಗೆ ಏಪ್ರಿಲ್ಲಿನ ಮಧ್ಯಾಹ್ನವೂ ತಂಪು. ಮರದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆಗಳನ್ನು ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂರಿಸಿದ ಮದ್ರಾಸ್ ತಾರಸಿ. ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಮುಂಗೂಡು. ಅದನ್ನು ಎಲ್ಲರೂ ‘ಮಂಕಿ ಟಾಪ್’ ಎನ್ನುತ್ತಾರೆ. ಬಿಸಿಲನ್ನು ತಡೆದು ಗಾಳಿಯನ್ನು ಒಳಗೆ ಬಿಡುವುದು ಅದರ ಕೆಲಸ. ನಡುಮನೆಯ ಕೆಂಪು ಗಾರೆ ನೆಲ ನಾಲ್ಕು ತಲೆಮಾರಿನ ಕಾಲು ತಾಗಿ ಕನ್ನಡಿಯಂತಾಗಿದೆ. ಬೇಸಿಗೆಯಲ್ಲಿ ಮಕ್ಕಳು ಚಾಪೆ ಸರಿಸಿ ಬರಿನೆಲದ ಮೇಲೇ ಮಲಗುತ್ತಾರೆ.

ಬೆಳಗಿನ ಹೊತ್ತು ಜಗಲಿಯಲ್ಲಿ ಕುಳಿತರೆ ಬಡಾವಣೆಯೇ ಎದುರಿಗೆ ನಡೆದುಹೋಗುತ್ತದೆ. ಕಾಡುಮಲ್ಲೇಶ್ವರನ ಗುಡಿಗೆ ಹೊರಟವರು, ಸ್ಯಾಂಕಿ ಕೆರೆ ಸುತ್ತಿ ಬಂದವರು, ಮಾರ್ಗೋಸಾ ರಸ್ತೆಯ ವೀಣಾ ಸ್ಟೋರ್ಸ್‌ನಿಂದ ಇಡ್ಲಿ ಕಟ್ಟಿಸಿಕೊಂಡು ಬರುವವರು. ಸರ್ ಸಿ.ವಿ. ರಾಮನ್ನರ ‘ಪಂಚವಟಿ’ ಇದೇ ಬಡಾವಣೆಯಲ್ಲಿ ಇನ್ನೂ ಮರಗಳ ನಡುವೆ ನಿಂತಿದೆ. ಈ ಬೀದಿಯಲ್ಲಿ ಮಾತ್ರ ಹಂಚಿನ ಮನೆಗಳು ಒಂದೊಂದಾಗಿ ಇಳಿದವು. ಎದುರಿನ ನಿವೇಶನದಲ್ಲೀಗ ನಾಲ್ಕು ಅಂತಸ್ತು, ನೆಲಮಟ್ಟದಲ್ಲಿ ಕಾರುಗಳು. ಅಣ್ಣತಮ್ಮಂದಿರಲ್ಲಿ ಪಾಲಾಗುವ ಮನೆಯನ್ನು ಬಿಲ್ಡರಿಗೆ ಕೊಡುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಬೇವಿನ ಮರ ಕಡಿದು ಕಾಂಪೌಂಡಿನ ಅಂಚಿನವರೆಗೂ ಕಾಂಕ್ರೀಟು ಎಬ್ಬಿಸುವುದನ್ನು ಒಪ್ಪಲಾರೆ. ಪ್ಲೇಗಿಗೆ ಹೆದರಿ ಗಳಿಸಿಕೊಂಡ ಗಾಳಿ ಅದು, ಪಕ್ಕದ ಮನೆಯವರ ಉಸಿರಿಗೂ ಸೇರಿದ್ದು.

ಗೌರಿಹಬ್ಬದ ಹಿಂದಿನ ಸಂಜೆ ಈ ಮನೆಯಲ್ಲಿ ಯಾರೂ ಕೂರುವುದಿಲ್ಲ. ಹಬ್ಬದ ಸಾಮಾನು ತರಲು ಎಲ್ಲರೂ ಎಂಟನೇ ಕ್ರಾಸಿಗೆ ಹೊರಡುತ್ತಾರೆ. ಅಲ್ಲಿ ಕಾಲಿಡಲು ಜಾಗವಿಲ್ಲ. ಬಾಳೆಕಂದು, ಮಾವಿನ ಸೊಪ್ಪು, ಗರಿಕೆಯ ಕಟ್ಟು, ಮಣ್ಣಿನ ಗಣಪತಿಗಳು ಫುಟ್‌ಪಾತಿನಿಂದ ರಸ್ತೆಗಿಳಿದಿರುತ್ತವೆ. ಮನೆಯ ಅಜ್ಜಿ ಸೊಸೆಯ ತೋಳು ಹಿಡಿದು ಹೂವಿನ ಬುಟ್ಟಿಯ ಮುಂದೆ ನಿಲ್ಲುತ್ತಾರೆ.

“ಸೇವಂತಿಗೆ ಮಾರು ಎಷ್ಟಮ್ಮ?”

ರೇಟು ಕೇಳಿ ಅಜ್ಜಿ ಹುಬ್ಬೇರಿಸುತ್ತಾರೆ.

“ಹಬ್ಬ ಅಲ್ವಾ ಅಜ್ಜಿ, ಮಾರ್ಕೆಟ್ಟಲ್ಲೇ ಅಷ್ಟಿದೆ. ನಿಮಗೆ ಅಂತ ಇನ್ನೊಂದು ಮೊಳ ಜಾಸ್ತಿ ಹಾಕ್ತೀನಿ, ತಗೊಳ್ಳಿ.”

“ಎರಡು ಮಾರು ಕೊಡು. ಪಾರಿಜಾತ ನಮ್ಮನೇದೇ ಇದೆ.”