ಸೋರುವ ತೋಟದ ಕೊಳದ ದುರಸ್ತಿ

ಸಿಮೆಂಟಿನ ಕೊಳದಲ್ಲಿ ನೀರು ಇಳಿಯುತ್ತಿದ್ದರೆ ಅದು ಸೋರಿಕೆಯೋ, ಬಿಸಿಲಿಗೆ ಆವಿಯಾಗುವ ಸಹಜ ಕ್ರಿಯೆಯೋ ಎಂಬುದು, ನೀರು ತುಂಬಿದ ಬಕೆಟ್ಟೊಂದನ್ನು ಕೊಳದ ಬದಿಯಲ್ಲಿಟ್ಟು, ಒಂದು ದಿನದ ಬಳಿಕ ಎರಡರ ಇಳಿತವನ್ನೂ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಕಾರಂಜಿಯ ಪಂಪನ್ನು ನಿಲ್ಲಿಸಿದೊಡನೆ ಸೋರಿಕೆಯೂ ನಿಂತರೆ ದೋಷವಿರುವುದು ಬಹುಮಟ್ಟಿಗೆ ಕೊಳವೆಯಲ್ಲಿ. ನಿಲ್ಲದಿದ್ದರೆ ನೀರು ತಾನಾಗಿ ಇಳಿದು ನಿಲ್ಲುವ ಮಟ್ಟದ ಸುತ್ತಲೇ ಬಿರುಕನ್ನು ಹುಡುಕಬೇಕು. ಬಿರುಕಿನ ಮೇಲೆ ಬರಿದೆ ಸವರಿದ ಗಾರೆ ಹೆಚ್ಚು ಕಾಲ ಬಾಳದು. ಬಿರುಕನ್ನು ಉಳಿಯಿಂದ ಅಗಲಿಸಿ, ಧೂಳು ತೊಳೆದು, ತೇವದಲ್ಲಿಯೂ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಹೈಡ್ರಾಲಿಕ್ ಸಿಮೆಂಟನ್ನು ಒತ್ತಿ ತುಂಬಬೇಕು. ಹೊಸ ಸಿಮೆಂಟಿನಿಂದ ಹೊರಬರುವ ಸುಣ್ಣವು ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರ ಮಾನವನ್ನು, ಏರಿಸಿ ಮೀನುಗಳನ್ನು ಕೊಲ್ಲಬಲ್ಲದಾದ್ದರಿಂದ, ಕೊಳವನ್ನು ಹಲವು ಬಾರಿ ತುಂಬಿಸಿ ಬರಿದುಮಾಡಿ, ಪಿಎಚ್ 8.5ಕ್ಕಿಂತ ಕೆಳಗಿಳಿದುದನ್ನು ಪರೀಕ್ಷಿಸದೆ ಮೀನುಗಳನ್ನು ಬಿಡಲೇಬಾರದು.